ದೊರೆಸಾನಿ ಗೋಡೆಯಿಂದ ಇಳಿದದ್ದು

ಮೇ ತಿಂಗಳು ಮುಗಿಯುತ್ತ ಬಂದಾಗ ನಮ್ಮ ಮನೆಯ ಮುಖ ಮುಚ್ಚುತ್ತಿದ್ದರು. ಕುಂದಾಪುರದ ಪೇಟೆಬೀದಿಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತ ಉಪ್ಪರಿಗೆಮನೆ ನಮ್ಮದು. ಸಮುದ್ರದ ಕಡೆಯಿಂದ ಹೊರಟ ಮಳೆ ನೇರ ನಮ್ಮ ಗೋಡೆಯನ್ನೇ ಹುಡುಕಿಕೊಂಡು ಬಂದು ಹೊಡೆಯುತ್ತಿತ್ತು. ಹಾಗಾಗಿ ಬಚ್ಚಣ್ಣ ಎಂಬ ಕೆಲಸಗಾರ ವರ್ಷಕ್ಕೊಮ್ಮೆ ಎರಡು ಗಾಡಿ ತುಂಬ ತೆಂಗಿನ ಗರಿ ಹೆಣೆದ ತಟ್ಟಿಗಳನ್ನು ತಂದು, ಬಿದಿರು ನಿಲ್ಲಿಸಿ, ಮಾಡಿನ ಅಂಚಿನಿಂದ ಹಿಡಿದು ಜಗಲಿಯ ತಲೆಯವರೆಗೆ ಇಡೀ ಗೋಡೆಗೆ ಹೊದಿಸಿ ಕಟ್ಟುತ್ತಿದ್ದ. ಅಲ್ಲಿಂದ ನಾಲ್ಕು ತಿಂಗಳು ಉಪ್ಪರಿಗೆಯ ಕೋಣೆಗಳಲ್ಲಿ ಹಗಲಿಗೂ ಹಸಿರು ಮಬ್ಬು, ಒಣಗರಿಯ ವಾಸನೆ, ತಟ್ಟಿಯ ಮೇಲೆ ಮಳೆ ಬಿದ್ದಾಗ ಯಾರೋ ಹೊರಗೆ ಅಕ್ಕಿ ಕೇರುತ್ತಿದ್ದಾರೇನೋ ಎಂಬಂಥ ಸದ್ದು. ದೀಪಾವಳಿಗೆ ಮುಂಚೆ ಬಚ್ಚಣ್ಣ ಮತ್ತೆ ಬಂದು ತಟ್ಟಿ ಬಿಚ್ಚುತ್ತಿದ್ದ. ಇದರಲ್ಲಿ ವಿಶೇಷವೇನಿಲ್ಲ, ಆಗ ಎಷ್ಟೋ ಮನೆಗಳಿಗೆ ಹೀಗೇ ಕಟ್ಟುತ್ತಿದ್ದರು. ವಿಶೇಷವಿದ್ದದ್ದು ನಮ್ಮ ಅಜ್ಜಿಯಲ್ಲಿ. ಅಪ್ಪಯ್ಯನ ತಾಯಿ. ತಟ್ಟಿ ಕಟ್ಟಿದ ಮಾರನೇ ಬೆಳಗ್ಗೆ ಅವಳು ಎಲೆಯಡಿಕೆ ತಟ್ಟೆ ಹಿಡಿದುಕೊಂಡು ಎದುರು ಜಗಲಿಗೆ ಬಂದು ಕೂರುತ್ತಿದ್ದಳು. ಕೊಡೆ ಹಿಡಿದು ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದಳು. ತಟ್ಟಿ ಬಿಚ್ಚಿದ ದಿನ ತಟ್ಟೆ ಎತ್ತಿಕೊಂಡು ಹಿಂದಿನ ಬಾವಿಕಟ್ಟೆಗೆ ಹೋಗಿಬಿಡುತ್ತಿದ್ದಳು. ಆಮೇಲೆ ಎಂಟು ತಿಂಗಳು ಹಿತ್ತಿಲ ಬಾಗಿಲೇ ಅವಳ ಬಾಗಿಲು. ದೇವಸ್ಥಾನಕ್ಕೆ ಹೋಗುವುದಾದರೂ ಪಕ್ಕದ ಓಣಿಯಿಂದಲೇ. ಅಜ್ಜಿ ಕಪ್ಪೆಗಳ ಹಾಗೆ ಮಳೆಗಾಲದ ಜೀವ ಎಂದು ನಾನು ಬಹಳ ವರ್ಷ ನಂಬಿದ್ದೆ. ಸೀರಿಯಸ್ಸಾಗಿ.

ಮನೆಯ ಒಳಗೆ ಅಂಥ ಡೆಕೊರೇಷನ್ ಏನೂ ಇರಲಿಲ್ಲ. ಚಾವಡಿ, ಅದರಾಚೆ ದೇವರ ಕೋಣೆ, ಹೊಗೆ ಹಿಡಿದು ಕಪ್ಪಾದ ಅಡುಗೆಮನೆ, ಕಡಿದಾದ ಮರದ ಮೆಟ್ಟಿಲು, ಮೇಲೆ ಮೂರು ಕೋಣೆ. ಬಲಬದಿಗೆ ತಾಗಿಕೊಂಡೇ ಅಪ್ಪಯ್ಯನ ಹಂಚಿನ ಅಂಗಡಿ. ಅಜ್ಜಯ್ಯ ಬದುಕಿದ್ದಾಗ ಇಲ್ಲಿಂದ ಹಂಚು, ತೆಂಗಿನಕಾಯಿ ಹಡಗಿಗೆ ಹಾಕಿ ಬೊಂಬಾಯಿಗೆ ಕಳಿಸುತ್ತಿದ್ದರಂತೆ. ಆ ಊರಿನ ಬಂಗಲೆಗಳನ್ನು ನೋಡಿ ಬಂದವರಿಗೆ ನಮ್ಮ ಮನೆಯ ಮುಖವೂ ಹಾಗೇ ಇರಬೇಕೆಂಬ ಹುಚ್ಚು ಹಿಡಿದು, ಮಂಗಳೂರಿನಿಂದ ಗಾರೆ ಕೆಲಸದ ಮೇಸ್ತ್ರಿಯೊಬ್ಬನನ್ನು ಕರೆಸಿದರು. ಅವನು ಆರು ತಿಂಗಳು ನಮ್ಮಲ್ಲೇ ಉಂಡು, ಚಿಪ್ಪಿನ ಸುಣ್ಣ, ಬೆಲ್ಲದ ನೀರು ಕಲಸಿ, ಎದುರುಗೋಡೆಯಲ್ಲಿ ಒಂದು ಅಂಗೈ ಜಾಗವನ್ನೂ ಸುಮ್ಮನೆ ಬಿಡಲಿಲ್ಲ. ದ್ರಾಕ್ಷಿ ಬಳ್ಳಿ, ಕಿಟಕಿಯ ಎರಡೂ ಕಡೆ ಗಿಳಿ, ಮಾಡಿನ ಕೆಳಗೆ ಹೂಬಳ್ಳಿ ಕೊರೆದ ಮರದ ಜಾಲರಿ, ಎರಡು ಮೂಲೆಗೆ ಎರಡು ಸಿಂಹ. ಮೇಸ್ತ್ರಿ ಸಿಂಹ ಕಂಡವನಲ್ಲ, ಆದ್ದರಿಂದ ಅವು ನಮ್ಮ ಓಣಿಯ ನಾಯಿಗಳ ಹಾಗೇ ಇದ್ದವು, ಬಾಲದ ತುದಿಯಲ್ಲಿ ಒಂದು ಕುಚ್ಚು ಮಾತ್ರ ಹೆಚ್ಚು. ನಡುವೆ, ಸರಿಯಾಗಿ ಹೆಬ್ಬಾಗಿಲ ನೆತ್ತಿಗೆ, ಒಂದು ಗೂಡು. ಗೂಡಿನಲ್ಲಿ ಸೊಂಟದ ತನಕದ ಒಬ್ಬಳು ಬಿಳಿಯ ದೊರೆಸಾನಿ: ತಲೆಗೆ ಹೂವಿನ ಹ್ಯಾಟು, ಹೆಗಲ ಮೇಲೆ ಬಿಡಿಸಿದ ಕೊಡೆ, ಕುತ್ತಿಗೆ ಬಹಳ ಕೆಳಗಿಳಿದ ಗೌನು. ಪೇಟೆಯವರಿಗೆ ನಮ್ಮದು ‘ದೊರ್ಸಾನಿ ಮನಿ’. ಬಸ್ಸಿನವರಿಗೂ ಅದೇ ಹೆಸರಿನ ಸ್ಟಾಪು.

ಈಗ ಆ ಬೀದಿಯ ಹಳೆಮನೆಗಳ ಮುಖದಲ್ಲಿ ಇಂಥದ್ದೇನೂ ಉಳಿದಿಲ್ಲ. ಕಳೆದ ವರ್ಷ ಆರ್ಕಿಟೆಕ್ಚರ್ ಓದುವ ಇಬ್ಬರು ಹುಡುಗಿಯರು ಟೇಪು, ಕ್ಯಾಮರಾ ಹಿಡಿದು ಬಂದಿದ್ದರು. “ಆಂಟೀ, ಇಲ್ಲೆಲ್ಲ ಆರ್ನಮೆಂಟ್ಸ್ ಯಾಕೆ ತೆಗೆದುಹಾಕಿದರು?” ಎಂದು ಕೇಳಿದರು, ನಾನು ಬಾಯಿ ತೆರೆಯುವ ಮುಂಚೆ ಉತ್ತರವನ್ನೂ ಅವರೇ ಕೊಟ್ಟರು. ಉಪ್ಪುಗಾಳಿಗೆ ಗಾರೆ ಉದುರಿತು, ಸಿಮೆಂಟು ಬಂತು, ಜನರಿಗೆ ಮಾಡರ್ನ್ ಆಗಬೇಕೆನಿಸಿತು, ರಸ್ತೆ ಅಗಲವಾಯಿತು. ಇರಬಹುದು. ಒಂದು ಮನೆಯ ಸಿಂಹ ಯಾರದೋ ತಲೆಯ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿದ್ದು ನನಗೇ ನೆನಪಿದೆ. ಇನ್ನೊಂದು ಮನೆಯ ಕಮಲದ ಸಂದಿಯಲ್ಲಿ ಅಶ್ವತ್ಥದ ಗಿಡ ಹುಟ್ಟಿ ಗೋಡೆಯನ್ನೇ ಸೀಳಿತ್ತು. ಉಳಿದವರ ಮನೆಯ ಕಾರಣ ನನಗೆ ಗೊತ್ತಿಲ್ಲ, ನಮ್ಮ ಮನೆಯದು ಗೊತ್ತು. ಆ ಹುಡುಗಿಯರು ಪಾನಕ ಕುಡಿದು ಥ್ಯಾಂಕ್ಯೂ ಹೇಳಿ ಹೋದರು. ಅವರಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನನ್ನನ್ನು ಕಾನ್ವೆಂಟಿಗೆ ಹಾಕಿದ್ದು ಅಪ್ಪಯ್ಯನ ಹಟ. ಅವರಿಗೆ ಸ್ವತಃ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಆ ಭಾಷೆಯಲ್ಲಿ ಸುಳ್ಳು ಹೇಳಲು ಬರುವುದಿಲ್ಲ ಎಂಬಂಥ ಒಂದು ಗೌರವ. ನಾನು ಸಂಜೆ ಬಂದು ‘ಸಿಸ್ಟರ್ ಹೇಳಿರ್’ ಎಂದು ಬಾಯಿ ತೆರೆದರೆ ಮನೆಯಲ್ಲಿ ಏನಾದರೊಂದು ಬದಲಾಗುತ್ತಿತ್ತು. ಸಿಸ್ಟರ್ ಹೇಳಿದ್ದಕ್ಕೆ ಹಲ್ಲುಜ್ಜುವ ಮಾವಿನೆಲೆ ಹೋಗಿ ಬ್ರಶ್ಶು ಬಂತು. ಕಿಟಕಿಗಳಿಗೆ ಕರ್ಟನ್ ಬಂತು. ಬೆಳಗ್ಗೆ ಗಂಜಿ ಉಣ್ಣುವಾಗ ಸೊರ್ ಎಂದು ಸದ್ದು ಮಾಡಬಾರದೆಂಬ ರೂಲು ಬಂತು, ಅದು ನಾಲ್ಕೇ ದಿನ ಬಾಳಿತು. ಸದ್ದಿಲ್ಲದೆ ಗಂಜಿ ಉಂಡರೆ ಹೊಟ್ಟೆ ತುಂಬುವುದಿಲ್ಲ ಎಂದು ಅಮ್ಮ ಘೋಷಿಸಿದಳು. ನಮ್ಮ ಸಿಸ್ಟರ್ ಗೋವಾ ಕಡೆಯವರು. ಡ್ರಾಯಿಂಗೂ ಇಂಗ್ಲಿಷೂ ಕಲಿಸುತ್ತಿದ್ದರು. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು ಮೂರೇ ಮಾತು: ಬನ್ನಿ, ಹೋಗಿ, ಸಾಕು.

ನನಗೆ ಹತ್ತು ವರ್ಷವಿದ್ದಾಗ, ಏಪ್ರಿಲಿನ ರಜೆಯಲ್ಲಿ, ಅಜ್ಜಿಯ ತವರಾದ ಬಸ್ರೂರಿಗೆ ಒಂದು ಉಪನಯನಕ್ಕೆ ನಾವಿಬ್ಬರೇ ಹೋಗಿ ಬಸ್ಸಿನಲ್ಲಿ ಹಿಂತಿರುಗುತ್ತಿದ್ದೆವು. ಅಜ್ಜಿ ಖುಷಿಯಲ್ಲಿದ್ದಳು, ಸೆರಗಿನಲ್ಲಿ ಲಾಡು ಕಟ್ಟಿಕೊಂಡಿದ್ದಳು. ನಮ್ಮ ಸ್ಟಾಪು ಬಂತು.

“ದೊರ್ಸಾನಿ ಮನಿ! ದೊರ್ಸಾನಿ ಮನಿ ಯಾರ್ ಇತ್ರಿ, ಬೇಗ ಇಳಿನಿ!” ಎಂದು ಕಂಡಕ್ಟರ್ ಕೂಗಿದ.

ಅಜ್ಜಿ ಎದ್ದು ಬಾಗಿಲ ಹತ್ತಿರ ಹೋದಳು. ಹಿಂದಿನ ಸೀಟಿನಿಂದ ಯಾರೋ ಹೇಳಿದರು:

“ಹ್ವಾಯ್ ಕಂಡಕ್ಟ್ರೇ, ಚೂರ್ ನಿಧಾನ. ದೊರ್ಸಾನಿಯೇ ಇಳೂದ್ ಈಗ!”

“ಕೊಡಿ ಎಲ್ಲ್ ಬಿಟ್ಟಿಕಿ ಬಂದ್ರಿಯೋ?” ಎಂದ ಇನ್ನೊಬ್ಬ, ಕೊಡೆ ಹಿಡಿದವರ ಹಾಗೆ ಕೈ ಎತ್ತಿ.

ಬಸ್ಸಿಡೀ ನಕ್ಕಿತು. ನಾನೂ ನಕ್ಕೆ, ಯಾಕೆಂದು ಗೊತ್ತಿಲ್ಲದೆ. ಅಜ್ಜಿ ಸೆರಗನ್ನು ಮುಖಕ್ಕೆ ಎಳೆದುಕೊಂಡು ಇಳಿದು, ಮನೆಯ ಮುಂದೆಯೇ ಇಳಿದಿದ್ದರೂ ಬಾಗಿಲ ಕಡೆ ಕಣ್ಣೆತ್ತದೆ, ಓಣಿಗೆ ನುಗ್ಗಿ ಹಿಂದಿನಿಂದ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತಳು. ಲಾಡು ಪುಡಿಯಾಗಿತ್ತು. ಕಣ್ಣು ಒದ್ದೆ. ನಾನು ಅಜ್ಜಿಯ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

“ಅಜ್ಜೀ, ಎಂತಾಯ್ತ್? ಅವ್ರ್ ಎಂತಕ್ ನೆಗ್ಯಾಡ್ದ್?”

“ನಿಂಗ್ ಕಣ್ಣಿಲ್ಯಾ ಹೆಣೆ? ಇಷ್ಟ್ ವರ್ಷ ಆ ಗೋಡಿ ಕಾಂತೆ, ಗೊತ್ತಾಯ್ಲಿಲ್ಯಾ ನಿಂಗೆ?”

ನಾನು ಓಡಿ ಬೀದಿಗೆ ಹೋಗಿ ಕತ್ತೆತ್ತಿ ನೋಡಿದೆ. ದೊರೆಸಾನಿಯನ್ನು ನಾನು ಹುಟ್ಟಿದಂದಿನಿಂದ ನೋಡಿದ್ದೆ. ಅದಕ್ಕೇ ಇರಬೇಕು, ಒಮ್ಮೆಯೂ ನೋಡಿರಲಿಲ್ಲ. ಹ್ಯಾಟಿನ ಕೆಳಗೆ ಅಗಲ ಹಣೆ. ಗಲ್ಲದ ನಡುವೆ ಬೆರಳಿಂದ ಒತ್ತಿದ ಹಾಗೆ ಒಂದು ಗುಳಿ. ಎಡಗಡೆ ಮೂಗಿಗೆ ಮೂಗುಬಟ್ಟು! ಯಾವ ದೇಶದ ದೊರೆಸಾನಿ ಮೂಗುಬಟ್ಟು ಹಾಕುತ್ತಾಳೆ? ಮೈ ಗಾಡ್, ಅದು ನಮ್ಮಜ್ಜಿ. ಹ್ಯಾಟು ಹಾಕಿಕೊಂಡು, ಆ ಗೌನು ತೊಟ್ಟುಕೊಂಡು, ಪೇಟೆಬೀದಿಗೆ ಎದೆ ಕೊಟ್ಟು ನಿಂತ ನಮ್ಮಜ್ಜಿ.

ವಾಪಸು ಬಂದಾಗ ಅಜ್ಜಿ ಲಾಡಿನ ಪುಡಿಯನ್ನು ನನ್ನ ಕೈಗೆ ಸುರಿದು ಕಥೆ ಹೇಳಿದಳು.

“ನಂಗ್ ಹದ್ನಾರ್ ವರ್ಷ, ಮದಿ ಆಯಿ ಬಂದ್ ಮೂರ್ ತಿಂಗ್ಳ್ ಆಯ್ಲಿಲ್ಲ. ಆ ಮೇಸ್ತ್ರಿಗೆ ದಿನಾ ಮಜ್ಜಿಗಿ ತಕಂಡ್ ಹೋಪ್ದ್ ನಾನೇ. ಅವ ಒಂದ್ ಲೋಟ ಮಜ್ಜಿಗಿ ಕುಡೂಕ್ ಅರ್ಧ ಗಂಟಿ ಮಾಡ್ತಿದ್ದ. ಪಾಪ, ಹೊಟ್ಟಿ ಸಮಾ ಇಲ್ಲೆ ಕಾಣತ್ತ್ ಅಂದ್ ನಾ ಎಣ್ಸಿದ್ದೆ. ಅವ್ನ್ ಹತ್ರ ಬಿಸ್ಕುಟ್ ಡಬ್ಬಿ ಮೇಲಿನ್ ದೊರ್ಸಾನಿ ಚಿತ್ರ ಇದ್ದಿತ್, ಆರೆ ಅದ್ರ್ ಮುಖ ಮಾತ್ರ ತುಕ್ ಹಿಡ್ದ್ ಹೋಯಿತ್ತ್. ಮೋರಿ ಬೇಕಲ್ಲ ಅವಂಗೆ? ಕಡಿಗ್ ಪರ್ದಿ ತೆಗ್ದ್ ದಿನ ಊರೆಲ್ಲ ಬಂದ್ ನಿಂತಿತ್. ಕಂಡ್ರೆ, ಮೇಲೆ ನಾನ್!”

“ಅಜ್ಜಯ್ಯ ಎಂತ ಹೇಳಿರ್?”

“ಎಂತ ಹೇಳೂದ್? ಬಿದ್ದ್ ಬಿದ್ದ್ ನೆಗ್ಯಾಡಿರ್. ಹೆಂಡ್ತಿನ್ ಮಾಳ್ಗಿ ಮೇಲ್ ಕೂರ್ಸ್ದವ ಈ ಕುಂದಾಪ್ರದಂಗ್ ನಾನೊಬ್ನೇ ಅಂದ್ರ್. ಅವ್ರಿಗೆ ಕೊಂಡಾಟ. ನಾ ಹೊರ್ಗ್ ಹೊರ್ಟ್ರೆ, ಮಕ್ಕ ಒಂದ್ಸಲ ಮೇಲ್ ಕಾಂಬ್ದ್, ಒಂದ್ಸಲ ನನ್ನ್ ಕಾಂಬ್ದ್. ಆ ಅಂಗಿ ಬೇರೆ ಹಾಂಗಿತ್ತ್. ತೆಗ್ಸಿ ಅಂದ್ರೆ ಕೇಂತಿರ್ಲಿಲ್ಲ. ಅವ್ರ್ ಹೋದ್ ಮೇಲೆ ಮಕ್ಳತ್ರ ಹೇಳೂ ಸಂಗ್ತಿಯಾ ಅದ್? ಅಪ್ಪ ಮಾಡ್ಸಿದ್ದನ್ನ್ ಒಡಿನಿ, ನಂಗ್ ನಾಚ್ಕಿ ಆತ್ತ್ ಅಂದ್ ಹೇಳೂಕಾತ್ತಾ?”

ಆಗ ನನಗೆ ಮಳೆಗಾಲದ ಲೆಕ್ಕ ಸರಿಹೋಯಿತು. ತಟ್ಟಿ ಕಟ್ಟಿದರೆ ದೊರೆಸಾನಿ ಮರೆ, ಅಜ್ಜಿಗೆ ಜಗಲಿ. ತಟ್ಟಿ ಬಿಚ್ಚಿದರೆ ದೊರೆಸಾನಿಗೆ ಬೀದಿ, ಅಜ್ಜಿಗೆ ಬಾವಿಕಟ್ಟೆ. ಸ್ವಂತ ಮನೆಯ ಎದುರುಬಾಗಿಲನ್ನು ಅಷ್ಟು ವರ್ಷ ಒಂದು ಗಾರೆಯ ಗೊಂಬೆಗೆ ಬಿಟ್ಟುಕೊಟ್ಟು ಬದುಕಿದ್ದಳು.

“ನಾ ಅಪ್ಪಯ್ಯಂಗ್ ಹೇಳ್ತೆ, ಅದೊಂದನ್ನ್ ತೆಗ್ದ್ ಹಾಕೂಕೆ,” ಎಂದೆ.

“ಅದೊಂದೇ ತೆಗ್ದ್ರೆ ಪೇಟಿಯೆಲ್ಲ ಕೇಂತ್, ಅದನ್ನೇ ಎಂತಕ್ ತೆಗ್ದ್ರಿ ಅಂದ್. ಹೋಪ್ದಾರೆ ಎಲ್ಲಾ ಒಟ್ಟಿಗ್ ಹೋಯ್ಕ್. ಸಿಂಹವೂ ಹೋಯ್ಕ್, ಗಿಳಿಯೂ ಹೋಯ್ಕ್.” ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಅತ್ತಿತ್ತ ನೋಡಿ, ದನಿ ತಗ್ಗಿಸಿದಳು. “ನಿಮ್ ಸಿಸ್ಟರ್ ಗೊಂಬಿ ಬಗ್ಗೆ ಎಂತಾರೂ ಹೇಳಿರಾ?”

“ಇಲ್ಲೆ.”

“ಹೇಳಿರ್ ಅಂದ್ ಮಾಡ್,” ಎಂದಳು ಅಜ್ಜಿ.

ಕಾನ್ವೆಂಟಿನಲ್ಲಿ ನಮಗೆ ಸುಳ್ಳು ಹೇಳಿದರೆ ಏನಾಗುತ್ತದೆಂದು ಚೆನ್ನಾಗಿ ವಿವರಿಸಿದ್ದರು. ಆದರೂ ಆ ಸಂಜೆ ಊಟಕ್ಕೆ ಕುಳಿತಾಗ ನಾನು ಹುರುಳಿಸಾರಿನಲ್ಲಿ ಬೆರಳಾಡಿಸುತ್ತ ಶುರುಮಾಡಿಯೇಬಿಟ್ಟೆ.

“ಅಪ್ಪಯ್ಯಾ, ನಮ್ ಸಿಸ್ಟರ್ ಹೇಳಿರ್, ಈಗ ದೊಡ್ ಪೇಟಿಯಂಗೆಲ್ಲ ಯಾರೂ ಮನಿಗ್ ಗೊಂಬಿ ಇಡೂದಿಲ್ಲ ಅಂಬ್ರ್. ಪ್ಲೇನ್ ಈಸ್ ಎಲಿಗೆಂಟ್ ಅಂಬ್ರ್.”

“ಎಂತ ಜೆಂಟ್?”

“ಎಲಿಗೆಂಟ್. ಅಂದ್ರೆ, ಎಂತದೂ ಇಲ್ದೆ ಚಂದ.”

ಅಪ್ಪಯ್ಯ ತುತ್ತನ್ನು ಕೈಯಲ್ಲೇ ಹಿಡಿದು ಆ ಶಬ್ದವನ್ನು ಎರಡು ಸಲ ತುಟಿಯಲ್ಲಿ ತಿರುಗಿಸಿದರು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಅಜ್ಜಿ ನಮಗೆ ಬೆನ್ನು ಹಾಕಿ, ಖಾಲಿ ಪಾತ್ರೆಯನ್ನು ತಿಕ್ಕಿದಲ್ಲೇ ತಿಕ್ಕುತ್ತಿದ್ದಳು.

“ಸಿಸ್ಟರ್ ಎಲ್ಲಾ ಗೊಂಬಿಗೂ ಹೇಳಿರಾ, ಒಂದಕ್ ಮಾತ್ರ ಹೇಳಿರಾ?” ಎಂದು ಕೇಳಿದರು.

“ಎಲ್ಲಾದಕ್ಕೂ.”

“ಹಾಂಗಾರೆ ಅಡ್ಡಿಲ್ಲ. ಅಣ್ಣಯ್ಯಂಗ್ ಒಂದ್ ಕಾಗ್ದ ಬರೀತೆ.”

ಅಣ್ಣಯ್ಯ ಎಂದರೆ ನನ್ನ ದೊಡ್ಡಪ್ಪಯ್ಯ. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದವರು. ಪ್ರತಿ ಮೇಯಲ್ಲಿ ಹಲ್ವದ ಪೆಟ್ಟಿಗೆ ಹೊತ್ತು ಊರಿಗೆ ಬಂದು, ಮೊದಲ ಕೆಲಸವಾಗಿ ಬೀದಿಯಲ್ಲಿ ನಿಂತು ಆ ಗೋಡೆಯನ್ನು ಕಣ್ತುಂಬ ನೋಡಿ ಕೈಮುಗಿಯುತ್ತಿದ್ದರು. ಅವರ ಉತ್ತರ ಏನಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

“ಕಾಗ್ದ ಹಾಕಿ ಉತ್ರ ಕಾಂತಾ ಕೂಕಂಡ್ರೆ ಮಳಿ ಬತ್ತ್. ಕೆಲ್ಸ ಸುರು ಮಾಡ್ಸಿ ಆಮೇಲ್ ಕಾಗ್ದ ಹಾಕಿ,” ಎಂದಳು ಅಮ್ಮ. ಅವಳಿಗೆ ಅವಳದೇ ಕಾರಣವಿತ್ತು. ಆ ಮರದ ಜಾಲರಿಯ ಧೂಳು ಹೊಡೆದು, ಗಿಳಿಗಳ ಹಿಂದೆ ಗೂಡು ಕಟ್ಟಿದ ಪಾರಿವಾಳಗಳ ಕಸ ಬಳಿದು ಅವಳ ಸೊಂಟ ಬಿದ್ದುಹೋಗಿತ್ತು.

ಮುಂದಿನ ವಾರ ಬಚ್ಚಣ್ಣ ಬಂದ. ತಟ್ಟಿ ಕಟ್ಟುವ ಅದೇ ಬಿದಿರಿನಿಂದ ಅಟ್ಟ ಕಟ್ಟಿ, ಸುತ್ತಿಗೆ ಉಳಿ ಹಿಡಿದು ಮೇಲೆ ಹತ್ತಿ, ಸಿಂಹದ ಪಕ್ಕ ಕೂತು ಬೀಡಿ ಹಚ್ಚಿದ.

“ಅಲ್ದಾ ಒಡೇರೇ, ಇಷ್ಟ್ ವರ್ಷ ಇದಕ್ ಒಂದ್ ಹನಿ ಬೀಳ್ದಂಗ್ ಕಾಪಾಡ್ದವ ನಾನ್. ಈಗ ಒಡೂಕೂ ನಾನೇ ಆಯ್ಕಾ?”

“ನಿಂಗ್ ಅದ್ರ್ ಸಂದಿ ಗೊಂದಿ ಎಲ್ಲ ಗೊತ್ತಿತ್ತಲ್ಲ, ಅದ್ಕೇ,” ಎಂದರು ಅಪ್ಪಯ್ಯ.

ಆ ಗಾರೆ ಎಂಥ ಗಟ್ಟಿ! ಒಂದು ಗಿಳಿ ಕೀಳಲು ಅರ್ಧ ದಿನ ಬೇಕಾಯಿತು. ಬೀದಿಯಲ್ಲಿ ಜನ ನಿಂತು ಸಲಹೆ ಕೊಟ್ಟರು. ಬಚ್ಚಣ್ಣ ನಡುವಿನ ಗೂಡೊಂದನ್ನು ಕೊನೆಗಿಟ್ಟಿದ್ದ. ಮೊದಲು ಗಿಳಿ, ಆಮೇಲೆ ಬಳ್ಳಿ, ಆಮೇಲೆ ಜಾಲರಿ. ಜಾಲರಿ ನೇರ ಬಚ್ಚಲೊಲೆಗೆ ಹೋಯಿತು, ಒಂದು ತಿಂಗಳು ನಾವು ಹೂಬಳ್ಳಿ ಉರಿಸಿದ ಬಿಸಿನೀರಿನಲ್ಲಿ ಮಿಂದೆವು. ಐದನೇ ದಿನ ಸಿಂಹಗಳು. ದೊರೆಸಾನಿ ಮಾತ್ರ ನಡುವೆ ಕೊಡೆ ಹಿಡಿದುಕೊಂಡು, ಸುತ್ತಲಿನದೆಲ್ಲ ಯಾಕೆ ಬೀಳುತ್ತಿದೆಯೆಂದು ಅರಿಯದವಳಂತೆ ನಿಂತಿದ್ದಳು. ಅಜ್ಜಿ ದಿನಕ್ಕೆ ಹತ್ತು ಸಲ ಕರ್ಟನ್ ಸರಿಸಿ, “ಎಲ್ಲಿವರಿಗ್ ಬಂತ್?” ಎಂದು ನನ್ನನ್ನು ಕೇಳುತ್ತಿದ್ದಳು.

ಆರನೇ ದಿನ ಬೆಳಗ್ಗೆ ಬೊಂಬಾಯಿ ಬಸ್ಸಿನಿಂದ ದೊಡ್ಡಪ್ಪಯ್ಯ ಇಳಿದರು. ಕಾಗದ ಕಂಡದ್ದೇ ಹೊರಟಿದ್ದರು, ಹಲ್ವ ಕೂಡ ತಂದಿರಲಿಲ್ಲ.

“ಅರೇ! ನಿಲ್ಸ್, ನಿಲ್ಸ್! ಏ ಬಚ್ಚಾ, ಕೈ ತೆಗಿ ಅಲ್ಲಿಂದ! ಶೀನಾ, ನಮ್ ಅಪ್ಪಯ್ಯನ್ ಸಿಂಹ ಎಲ್ಲಿತ್ತ್?”

“ಬಾವಿಕಟ್ಟಿ ಹತ್ರ ಇತ್ತ್ ಅಣ್ಣಯ್ಯ,” ಎಂದರು ನನ್ನಪ್ಪಯ್ಯ.

“ಎರಡೂ ಇತ್ತಾ?”

“ಒಂದೂವರಿ ಇತ್ತ್.”

ದೊಡ್ಡಪ್ಪಯ್ಯ ಜಗಲಿಯ ಮೇಲೆ ಕುಸಿದು ಕುಳಿತರು. ಜೋರು ದನಿಯ, ದೊಡ್ಡ ಹೊಟ್ಟೆಯ ಆ ಮನುಷ್ಯನ ತುಟಿ ಚಿಕ್ಕ ಹುಡುಗನ ಹಾಗೆ ಅದುರುತ್ತಿತ್ತು. “ಖಾಲಿಪೀಲಿ ಯಾರೋ ಎಂತದೋ ಹೇಳಿರ್ ಅಂದ್ ಮನಿ ಮೋರಿ ಕೆರೂದಾ? ಅಪ್ಪಯ್ಯ ನಿಂತ್ ಮಾಡ್ಸಿದ್ ಅದ್. ಅಲ್ಲಿ ಊರ್ ನೆನಪಾರೆ ನಂಗ್ ಕಣ್ಣಿಗ್ ಬಪ್ಪುದ್ ಆ ದೊರ್ಸಾನಿಯೇ. ಅದೊಂದ್ ಉಳೀತ್. ನಾ ಬದ್ಕಿಪ್ಪ ತನಕ ಅದನ್ನ್ ಮುಟ್ಟುಕ್ ಬಿಡೂದಿಲ್ಲ.”

ಅಂದರೆ ಎಲ್ಲ ಹೋಗಿ ಅಜ್ಜಿಯೊಬ್ಬಳೇ ಉಳಿಯುವುದು! ಬೋಳುಗೋಡೆಯ ನಟ್ಟನಡುವೆ, ಕಣ್ಣು ಬೇರೆಲ್ಲಿಗೂ ಹೋಗದ ಹಾಗೆ. ಮೊದಲಿಗಿಂತ ನೂರು ಪಾಲು ಕೆಟ್ಟದ್ದು. ಕರ್ಟನ್ ಹಿಂದೆ ಬಳೆಯ ಸದ್ದಾಯಿತು.

ಅಷ್ಟು ಹೊತ್ತಿಗೆ ಬೀದಿಯ ಆ ತುದಿಯಿಂದ, ಕರಿಕೊಡೆ ಹಿಡಿದು, ಬಿಳಿ ನಿಲುವಂಗಿಯಲ್ಲಿ, ನಮ್ಮ ಸಿಸ್ಟರ್ ಬರುವುದು ಕಂಡಿತು. ಮಳೆಗೆ ಮುಂಚೆ ಕಾನ್ವೆಂಟಿನ ಒಡೆದ ಹಂಚು ಬದಲಿಸಲು ಅವರು ಪ್ರತಿ ವರ್ಷ ನಮ್ಮ ಅಂಗಡಿಗೇ ಬರುತ್ತಿದ್ದರು. ಇದು ನನಗೆ ಗೊತ್ತಿತ್ತು, ಸುಳ್ಳು ಹೇಳುವ ಗಡಿಬಿಡಿಯಲ್ಲಿ ಮರೆತುಬಿಟ್ಟಿದ್ದೆ.

ಸಿಸ್ಟರ್ ಮನೆಯ ಮುಂದೆ ಬಂದು, ಅಟ್ಟ ನೋಡಿ, ಬೋಳುಗೋಡೆ ನೋಡಿ, ಎರಡೂ ಕೈ ಕೆನ್ನೆಗೆ ಒತ್ತಿಕೊಂಡರು.

“ಓ, ವಾಟ್ ಎ ಪಿಟಿ! ಸಚ್ ಲವ್ಲಿ ವರ್ಕ್! ಹೂ ಟೋಲ್ಡ್ ಯೂ ಟು ಡೂ ದಿಸ್?”

ಅಯ್ಯೋ ಎಂಥ ಅನ್ಯಾಯ, ಎಷ್ಟು ಚಂದದ ಕೆಲಸ, ಯಾರು ಹೇಳಿದರು ನಿಮಗೆ ಇದನ್ನು ಮಾಡಲು ಎಂದರು. ಹೇಳಿದವರು ಅವರೇ ಎಂದು ನಮ್ಮ ಮನೆಯವರೆಲ್ಲ ನಂಬಿದ್ದರು.

ದೊಡ್ಡಪ್ಪಯ್ಯ ಎದ್ದು ನಿಂತರು. ಅವರ ಇಂಗ್ಲಿಷು ಹೋಟೆಲಿನ ಮೆನು ದಾಟಿದ್ದಲ್ಲ. “ಇವ್ರೇ ಅಲ್ದಾ ಆ ಸಿಸ್ಟರ್? ಹೆಣೆ, ಬಾ ಇಲ್ಲಿ. ಎಂತ ಹೇಳಿರ್ ಇವ್ರ್? ಬರಾಬರ್ ಹೇಳ್.”

ಬಚ್ಚಣ್ಣ ಉಳಿ ಹಿಡಿದು ಮೇಲಿಂದ ಬಗ್ಗಿ ನೋಡುತ್ತಿದ್ದ. ಅಪ್ಪಯ್ಯ ಅಂಗಡಿಯ ಬಾಗಿಲಲ್ಲಿ ಒಂದು ಹಂಚು ಹಿಡಿದುಕೊಂಡು ನಿಂತಿದ್ದರು. ಕರ್ಟನ್ನಿನ ಸಂದಿಯಲ್ಲಿ ಅಜ್ಜಿಯ ಒಂದು ಕಣ್ಣು.

“ಸಿಸ್ಟರ್ ಹೇಳ್ತ್ರ್,” ಎಂದೆ, “ಇಷ್ಟ್ ತಡ ಎಂತಕ್ ಮಾಡಿರಿ ಅಂದ್.”

“ಹೌದಾ?” ದೊಡ್ಡಪ್ಪಯ್ಯನ ದನಿ ಇಳಿಯಿತು.

“ವಾಟ್ ಡಸ್ ದಿ ಜಂಟಲ್‌ಮನ್ ಸೇ?” ಎಂದರು ಸಿಸ್ಟರ್.

“ಹೀ ಈಸ್ ಆಲ್ಸೊ ವೆರಿ ಸ್ಯಾಡ್, ಸಿಸ್ಟರ್,” ಎಂದೆ. ಇದಾದರೂ ನಿಜ. ಆ ದಿನ ನಾನು ಹೇಳಿದ ಒಂದೇ ನಿಜ.

ಸಿಸ್ಟರ್ ಕೊಡೆಯ ತುದಿಯಿಂದ ಮೇಲೆ ತೋರಿಸಿದರು. “ಬಟ್ ದಿ ಲೇಡಿ! ಪ್ಲೀಸ್, ಸೇವ್ ದಿ ಲೇಡಿ ಅಟ್ ಲೀಸ್ಟ್!” ಆ ಹೆಂಗಸನ್ನಾದರೂ ಉಳಿಸಿಕೊಳ್ಳಿ.

“ಈಗ ಎಂತ ಅಂದ್ರ್? ದೊರ್ಸಾನಿ ಬಗ್ಗೆ ಅಲ್ದಾ?”

“ಹೌದ್. ಅದನ್ನ್ ಮೊದ್ಲ್ ತೆಗೀಕಿತ್ತ್ ಅಂದ್ರ್.”

ಆಮೇಲೆ ನಾನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಮೂಲಕ್ಕೆ ನಿಷ್ಠರಾಗಿರಿ ಎಂದು ಎಷ್ಟು ಮಕ್ಕಳಿಗೆ ಕಿವಿ ಹಿಂಡಿ ಹೇಳಿದ್ದೇನೋ. ನನ್ನ ಮೊದಲ ಟ್ರಾನ್ಸ್‌ಲೇಷನ್ ಇದು. ಒಂದು ಶಬ್ದವೂ ಮೂಲದ್ದಲ್ಲ, ಆದರೂ ಇದಕ್ಕಿಂತ ಒಳ್ಳೆಯದನ್ನು ನಾನು ಮತ್ತೆ ಮಾಡಲಿಲ್ಲ. ಯಾರ ಮಾತನ್ನು ದಾಟಿಸಬೇಕೆಂಬುದು ನನಗೆ ಅವತ್ತು ಸ್ಪಷ್ಟವಿತ್ತು. ಸಿಸ್ಟರ್ ಮಾತಾಡುತ್ತಿದ್ದರು; ನಾನು ಕರ್ಟನ್ನಿನ ಹಿಂದಿದ್ದವಳನ್ನು ಭಾಷಾಂತರಿಸುತ್ತಿದ್ದೆ.

ದೊಡ್ಡಪ್ಪಯ್ಯ ಸ್ವಲ್ಪ ಹೊತ್ತು ಗೋಡೆ ನೋಡಿದರು. ಕಾನ್ವೆಂಟಿನವರೇ ಹೀಗೆ ಹೇಳಿದ ಮೇಲೆ ಬೊಂಬಾಯಿಯವನು ಹಳ್ಳಿಗುಗ್ಗನಂತೆ ಕಾಣಬಾರದೆಂದೋ ಏನೋ, ಕೊನೆಗೆ, “ತೆಗಿ ಬಚ್ಚಾ. ಆರೆ ಮೋರಿ ಒಡಿಬೇಡ. ಮೋರಿ ನಂಗ್ ಬೇಕ್,” ಎಂದರು. ಸಿಸ್ಟರ್ ನಿಟ್ಟುಸಿರು ಬಿಟ್ಟು ಹಂಚು ಆರಿಸಲು ಅಪ್ಪಯ್ಯನ ಜೊತೆ ಅಂಗಡಿಯೊಳಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಬಚ್ಚಣ್ಣ ದೊರೆಸಾನಿಯ ತಲೆಯನ್ನು ತನ್ನ ಹೆಗಲ ಬೈರಾಸಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಇಳಿದು, ಜಗಲಿಯ ಮೇಲಿಟ್ಟ. ಹ್ಯಾಟು ಕಿತ್ತುಹೋಗಿತ್ತು. ಅಷ್ಟರಲ್ಲಿ ಹೆಬ್ಬಾಗಿಲಿನಿಂದ ಅಜ್ಜಿ ಹೊರಬಂದಳು. ಬಿಸಿಲಿನ ತಿಂಗಳಲ್ಲಿ ಅವಳು ಆ ಬಾಗಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಅವಳು ಆ ಮುಖದ ಎದುರು ಕೂತಳು. ಅಷ್ಟು ಹತ್ತಿರದಿಂದ ಅವಳು ಅದನ್ನು ಕಂಡದ್ದೇ ಇಲ್ಲ. ಎಲ್ಲರ ಹಾಗೆ ಅವಳೂ ಕೆಳಗಿನಿಂದಲೇ ನೋಡಿದ್ದಳು, ಅದೂ ಕದ್ದು. ಹದಿನಾರರ ಅಜ್ಜಿಯದು ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಸೆರಗಿನ ತುದಿಯಿಂದ ಗಲ್ಲದ ಗುಳಿಯ ಧೂಳು ಒರೆಸಿದಳು, ಮೂಗುಬಟ್ಟು ಒರೆಸಿದಳು, ನನ್ನನ್ನು ಕರೆದಳು.

“ಶಾರೀ, ಕಾಣ್. ಇದ್ ಎಷ್ಟ್ ಸಣ್ಣ್ ಹೆಣ್ ಮಾರಾಯ್ತಿ! ಇಷ್ಟ್ ಸಣ್ಣ್ ಹೆಣ್ಣನ್ನ್ ಇಷ್ಟ್ ವರ್ಷ ಬಿಸ್ಲಗ್ ನಿಲ್ಸಿದ್ರಲ್ಲ!”

ದೊಡ್ಡಪ್ಪಯ್ಯ ಅವಳ ಪಕ್ಕದಲ್ಲಿ ನಿಂತು ಎರಡೂ ಮುಖ ನೋಡಿದರು. ಏನೋ ಅರ್ಥವಾಯಿತು.

“ಅಮ್ಮಾ, ನಿಂಗ್ ಅದ್ ಬೇಡಾಯಿತ್ತಾ?”

“ಬೇಡಾಯಿತ್ತ್ ಮಗಾ.”

“ನಂಗ್ ಮೊದ್ಲೇ ಹೇಳೂಕಾಯ್ಲಿಲ್ಯಾ? ಸಣ್ಣ್ ಇಪ್ಪಾಗ್ಳೇ ಕಲ್ಲ್ ಹೊಡ್ದ್ ಬೀಳ್ಸ್ತಿದ್ದೆ! ನನ್ ಗುರಿ ಏಕ್‌ದಮ್ ಲಾಯ್ಕ್ ಇದ್ದಿತ್!”

ಅಜ್ಜಿ ನಕ್ಕಳು. ಅಳುತ್ತಲೂ ಇದ್ದಳೇನೋ, ನನಗೆ ಬೆನ್ನು ಮಾತ್ರ ಕಂಡಿತು. ಆ ಮುಖವನ್ನು ಅವಳೇ ಎತ್ತಿಕೊಂಡು ಹೋಗಿ ತನ್ನ ಕೋಣೆಯಲ್ಲಿ, ನೆರಳಲ್ಲಿ, ಸಂದೂಕದ ಮೇಲಿಟ್ಟಳು. ದೊಡ್ಡಪ್ಪಯ್ಯ ಬೊಂಬಾಯಿಗೆ ಒಯ್ಯಲು ಕೇಳಲಿಲ್ಲ.

ಸಂಜೆ ಅಪ್ಪಯ್ಯ ಅಂಗಡಿಯ ಹಲಗೆಬಾಗಿಲು ಜೋಡಿಸುವಾಗ ನಾನು ಒಂದೊಂದೇ ಹಲಗೆ ಎತ್ತಿಕೊಡುತ್ತಿದ್ದೆ.

“ಶಾರೀ, ಪಿಟಿ ಅಂದ್ರೆ ಎಂತ?” ಎಂದು ಕೇಳಿದರು, ನನ್ನ ಕಡೆ ನೋಡದೆ.

ನಾನು ಬಗ್ಗಿ ಮುಂದಿನ ಹಲಗೆ ಎತ್ತಿದೆ.

“ಡಿಕ್ಷನರಿ ಕಾಣ್ಕಾ?”

“ಬೇಡ ಅಪ್ಪಯ್ಯ.”

“ಬೇಡ ಅಲ್ದಾ? ನಂಗೂ ಹಾಂಗೇ ಕಂಡಿತ್,” ಎಂದು ಕೊನೆಯ ಹಲಗೆ ಇಸಿದುಕೊಂಡರು.

ಬಚ್ಚಣ್ಣ ಹಸಿ ಸುಣ್ಣ ಬಳಿದು ಮುಗಿಸಿದ. ಮನೆ ಸ್ನಾನ ಮಾಡಿ ತಲೆ ಒರೆಸಿಕೊಂಡು ನಿಂತವರ ಹಾಗೆ ಕಂಡಿತು. ಎಲಿಗೆಂಟ್ ಎಂದರೂ ತಪ್ಪಿಲ್ಲ. ಮಳೆ ಇನ್ನೂ ಬಂದಿರಲಿಲ್ಲ, ತಟ್ಟಿ ಕಟ್ಟಿರಲಿಲ್ಲ, ನೆತ್ತಿ ಸುಡುವ ಬಿಸಿಲು. ಮಾರನೇ ಬೆಳಗ್ಗೆ ಒಂಬತ್ತಕ್ಕೇ ಅಜ್ಜಿ ಎಲೆಯಡಿಕೆ ತಟ್ಟೆಯೊಂದಿಗೆ ಎದುರು ಜಗಲಿಯಲ್ಲಿದ್ದಳು. ಹೋಗುವವರೆಲ್ಲ ನಿಂತು ಗೊಂಬೆಗಳನ್ನು ಯಾಕೆ ತೆಗೆದಿರೆಂದು ಕೇಳಿದರು. ಒಬ್ಬರಿಗೆ ಗೋಡೆ ಸೋರುತ್ತಿತ್ತೆಂದಳು, ಒಬ್ಬರಿಗೆ ಪಾರಿವಾಳದ ಕಾಟವೆಂದಳು, ಕಾನ್ವೆಂಟಿನವರು ಹೇಳಿದ್ದೆಂದು ಇನ್ನೊಬ್ಬರಿಗೆ. ಯಾರೂ ಅನುಮಾನಪಡಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಸಿದ್ದಾಪುರದ ಕಡೆಯ ರೈತರೊಬ್ಬರು ಚೀಲ ಹಿಡಿದುಕೊಂಡು, ಬೀದಿಯ ಎಲ್ಲ ಮನೆಗಳ ನೆತ್ತಿ ನೋಡುತ್ತ ನೋಡುತ್ತ ಬಂದು ನಮ್ಮ ಮುಂದೆ ನಿಂತರು.

“ಹ್ವಾಯ್ ಅಮ್ಮಾ, ಇಲ್ಲಿ ದೊರ್ಸಾನಿ ಮನಿ ಅಂದ್ರೆ ಯಾವ್ದ್? ಹಂಚಿನಂಗ್ಡಿ ಇತ್ತ್ ಅಂಬ್ರ್.”

“ಇದೇ,” ಎಂದಳು ಅಜ್ಜಿ.

ಅವರು ಕತ್ತು ಹಿಂದಕ್ಕೆ ಬಾಗಿಸಿ, ಕೈ ಹಣೆಗೆ ಅಡ್ಡ ಹಿಡಿದು, ಬೆಳ್ಳನೆಯ ಗೋಡೆಯನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದರು. “ದೊರ್ಸಾನಿ ಎಂತದೂ ಕಾಂತಿಲ್ಯಲೇ?”

ಅಜ್ಜಿ ವೀಳ್ಯದೆಲೆಗೆ ಸುಣ್ಣ ಸವರಿ, ಮಡಚಿ, ನಿಧಾನವಾಗಿ ದವಡೆಗಿಟ್ಟಳು.

“ಮೇಲ್ ಎಂತ ಕಾಂತ್ರಿ ಮಾರಾಯ್ರೇ, ಕೆಳ್ಗ್ ಕಾಣಿ. ಇಲ್ಲ್ ಕೂಕಂಡಿದ್ದೆ. ಹಂಚ್ ಎಷ್ಟ್ ಬೇಕ್ ಹೇಳಿ.”